ಹಳೆಯ ಕಾರು ಸ್ಟಾರ್ಟ್ ಆಗದಿದ್ದಾಗ: ಕಿಡಿಯೋ, ಪೆಟ್ರೋಲೋ?

ಇಲಿನಾಯ್ ರಾಜ್ಯದಲ್ಲಿ 25 ವರ್ಷ ದಾಟಿದ ಕಾರಿಗೆ ‘ಆಂಟಿಕ್’ ನಂಬರ್ ಪ್ಲೇಟ್ ಪಡೆಯಬಹುದು. ಅದರಲ್ಲಿ ‘ಎಕ್ಸ್‌ಪ್ಯಾಂಡೆಡ್ ಯೂಸ್’ ಎಂಬ ಬಗೆಯದನ್ನು ತೆಗೆದುಕೊಂಡರೆ ಏಪ್ರಿಲ್ 1ರಿಂದ ಅಕ್ಟೋಬರ್ 31ರವರೆಗೆ ಕಾರನ್ನು ಯಾವ ಕೆಲಸಕ್ಕೆ ಬೇಕಾದರೂ ಓಡಿಸಬಹುದು. ನವೆಂಬರ್‌ನಿಂದ ಮಾರ್ಚ್ ಕೊನೆಯವರೆಗೆ ಪ್ರದರ್ಶನಕ್ಕೆ ಹೋಗಿಬರಲು, ರಿಪೇರಿಗೆ ಒಯ್ಯಲು ಮಾತ್ರ ಅವಕಾಶ. ಈ ನಿಯಮ ಇರದಿದ್ದರೂ ಆ ಐದು ತಿಂಗಳು ಹಳೆಯ ಕಾರನ್ನು ಹೊರಗೆ ತೆಗೆಯುವವರು ಕಡಿಮೆ. ಹಿಮ ಕರಗಲೆಂದು ರಸ್ತೆಗೆ ಸುರಿಯುವ ಉಪ್ಪು ತಗಡನ್ನು ತಿಂದುಹಾಕುತ್ತದೆ. ಹಾಗಾಗಿ ಷಿಕಾಗೊದ ಪಶ್ಚಿಮಕ್ಕಿರುವ ಲಿಸ್ಲ್‌ನಂಥ ಊರಿನಲ್ಲಿ ಹಳೆಯ ಕಾರುಗಳಿಗೂ ಒಂದು ಹಂಗಾಮು ಇದೆ. ಮಾರ್ಟನ್ ಅರ್ಬೊರೇಟಮ್‌ನಲ್ಲಿ ಡ್ಯಾಫೊಡಿಲ್ ಅರಳುವ ಹೊತ್ತಿಗೆ ಗ್ಯಾರೇಜುಗಳ ಬಾಗಿಲು ಮೇಲೇಳುತ್ತವೆ, ಒಳಗಿನಿಂದ ಸೆಲ್ಫ್ ಹೊಡೆಯುವ ಸದ್ದು ಕೇಳಿಸುತ್ತದೆ. ಎಷ್ಟೋ ಕಡೆ ಸದ್ದು ಅಷ್ಟಕ್ಕೇ ನಿಲ್ಲುತ್ತದೆ.

ಲಿಸ್ಲ್, ನೇಪರ್‌ವಿಲ್, ಅರೋರಾ ಸುತ್ತಮುತ್ತ ಕನ್ನಡದ ಮನೆಗಳು ಸಾಕಷ್ಟಿವೆ. ಲೆಮಾಂಟ್‌ನ ದೇವಸ್ಥಾನದಲ್ಲೋ ವಿದ್ಯಾರಣ್ಯ ಕನ್ನಡ ಕೂಟದ ಕಾರ್ಯಕ್ರಮದಲ್ಲೋ ಸಿಕ್ಕಾಗ ಹಳೆಯ ಕಾರಿನ ಮಾತು ತೆಗೆಯುವವರು ಒಬ್ಬಿಬ್ಬರಾದರೂ ಇರುತ್ತಾರೆ. ಡೆಟ್ರಾಯಿಟ್‌ನ ಪಂಪ ಕನ್ನಡ ಕೂಟದ ಕಡೆಯಂತೂ ಕಾರು ಕಂಪನಿಗಳಲ್ಲೇ ಕೆಲಸ ಮಾಡುವ ಎಂಜಿನಿಯರುಗಳಿದ್ದಾರೆ. ಊರಿನಲ್ಲಿ ಅಪ್ಪ ಚಳಿಗಾಲದ ಬೆಳಿಗ್ಗೆ ಅಂಬಾಸಿಡರ್ ಅಥವಾ ಪ್ರೀಮಿಯರ್ ಪದ್ಮಿನಿಯ ಚೋಕ್ ಎಳೆದು ಸ್ಟಾರ್ಟ್ ಮಾಡುತ್ತಿದ್ದುದನ್ನು ಇವರು ಕಂಡಿದ್ದಾರೆ. ಆದರೆ ತಾವೇ ಕಾರು ಓಡಿಸಲು ಕಲಿಯುವ ಹೊತ್ತಿಗೆ ಫ್ಯೂಯೆಲ್ ಇಂಜೆಕ್ಷನ್ ಬಂದಿತ್ತು. ಕೀ ತಿರುಗಿಸಿದರೆ ಸಾಕು, ಉಳಿದದ್ದನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಕಾರ್ಬುರೇಟರ್ ಕಾರಿಗೆ ಅಂಥ ಕಂಪ್ಯೂಟರ್ ಇಲ್ಲ. ಏನು ತಪ್ಪಾಗಿದೆ ಎಂದು ಅದು ದೀಪ ಹೊತ್ತಿಸಿ ಹೇಳುವುದಿಲ್ಲ, ಹುಡುಕುವ ಕೆಲಸ ಓಡಿಸುವವರದೇ.

ಹುಡುಕಾಟಕ್ಕೆ ಒಂದು ಕ್ರಮವಿದ್ದರೆ ಕೆಲಸ ಸಲೀಸು. ಪೆಟ್ರೋಲ್ ಎಂಜಿನ್ ಹೊತ್ತಿಕೊಳ್ಳಲು ಬೇಕಾದದ್ದು ಮೂರೇ: ಸಾಕಷ್ಟು ವೇಗವಾಗಿ ತಿರುಗಬೇಕು, ಸರಿಯಾದ ಹೊತ್ತಿಗೆ ಕಿಡಿ ಬೀಳಬೇಕು, ಹದವಾಗಿ ಗಾಳಿ ಬೆರೆತ ಪೆಟ್ರೋಲ್ ಒಳಗೆ ಹೋಗಬೇಕು. ಕಾರು ಸ್ಟಾರ್ಟ್ ಆಗದಿದ್ದರೆ ಈ ಮೂರರಲ್ಲಿ ಯಾವುದು ಇಲ್ಲ ಎಂದು ತೀರ್ಮಾನಿಸುವವರೆಗೆ ಒಂದು ಸ್ಕ್ರೂವನ್ನೂ ಬಿಚ್ಚಬಾರದು. ಹಳೆಯ ಕಾರಿನ ಮಾಲೀಕರ ದುಡ್ಡು ಹೆಚ್ಚು ಪೋಲಾಗುವುದು ಈ ತೀರ್ಮಾನಕ್ಕೆ ಮೊದಲೇ ಹೊಸ ಕಾರ್ಬುರೇಟರ್ ತರಿಸುವುದರಿಂದ. ಕಾರ್ಬುರೇಟರ್ ಕೆಟ್ಟಿದೆ ಎಂದು ಬರುವ ಕಾರುಗಳಲ್ಲಿ ಬಹುಪಾಲಿನ ರೋಗ ಡಿಸ್ಟ್ರಿಬ್ಯೂಟರ್ ಒಳಗಿರುತ್ತದೆ ಎಂದು ಹಳೆಯ ಮೆಕ್ಯಾನಿಕ್‌ಗಳು ಹೇಳುತ್ತಾರೆ. ನಾನು ಕಂಡ ಮಟ್ಟಿಗೆ ಆ ಮಾತು ನಿಜ.

ಉದಾಹರಣೆಗೆ ಒಂದೇ ಕಾರನ್ನು ಇಟ್ಟುಕೊಳ್ಳೋಣ: 1966ರ ಫೋರ್ಡ್ ಮಸ್ಟಾಂಗ್, 289 ಘನ ಇಂಚಿನ ವಿ8 ಎಂಜಿನ್, ಅಂದರೆ 4.7 ಲೀಟರ್. ಮಸ್ಟಾಂಗ್ 1964ರ ಏಪ್ರಿಲ್ 17ರಂದು ಮಾರುಕಟ್ಟೆಗೆ ಬಂತು. ಮೊದಲ ಕಾರುಗಳು ತಯಾರಾದದ್ದು ಡೆಟ್ರಾಯಿಟ್ ಪಕ್ಕದ ಡಿಯರ್‌ಬಾರ್ನ್‌ನಲ್ಲಿ. 1966ರ ಮಾದರಿಯೊಂದೇ ಆರು ಲಕ್ಷಕ್ಕೂ ಮೀರಿ ತಯಾರಾಯಿತು. ಆದ್ದರಿಂದ ಇಂದಿಗೂ ಸಿಗುತ್ತದೆ, ಬಿಡಿಭಾಗಗಳಿಗೂ ಕೊರತೆಯಿಲ್ಲ. ಇಲ್ಲಿ ಹೇಳುವುದರಲ್ಲಿ ಹೆಚ್ಚಿನದು ಷೆವರ್ಲೆಗೂ ಡಾಜ್‌ಗೂ ಸಲ್ಲುತ್ತದೆ, ನಮ್ಮ ಪದ್ಮಿನಿಗೂ ಸಲ್ಲುತ್ತದೆ.

ಮೊದಲು ಸೆಲ್ಫ್. ಕೀ ತಿರುಗಿಸಿದಾಗ ಏನೂ ಸದ್ದಿಲ್ಲ, ಅಥವಾ ‘ಟಕ್’ ಎಂದು ಸುಮ್ಮನಾಗುತ್ತದೆ, ಇಲ್ಲವೇ ಎಂಜಿನ್ ನರಳುತ್ತ ನಿಧಾನವಾಗಿ ತಿರುಗುತ್ತದೆ. ಮೀಟರ್ ಇಲ್ಲದೆಯೂ ಒಂದು ಪರೀಕ್ಷೆ ಮಾಡಬಹುದು. ಹೆಡ್‌ಲೈಟ್ ಹಾಕಿ ಸೆಲ್ಫ್ ಹೊಡೆಯಿರಿ. ದೀಪ ಪೂರ್ತಿ ಆರಿಹೋದರೆ ಬ್ಯಾಟರಿ ಸತ್ತಿದೆ ಅಥವಾ ಅದರ ಟರ್ಮಿನಲ್ ಸರಿಯಾಗಿ ಕಚ್ಚಿಲ್ಲ. ದೀಪ ಒಂದಿಷ್ಟೂ ಮಂಕಾಗದೆ, ಸೆಲ್ಫೂ ಹೊಡೆಯದಿದ್ದರೆ ಕರೆಂಟ್ ಸ್ಟಾರ್ಟರ್‌ಗೆ ಹೋಗಿಯೇ ಇಲ್ಲ. ಆಗ ನೋಡಬೇಕಾದದ್ದು ಬ್ಯಾಟರಿಯ ಪಕ್ಕ ಬಾಡಿಗೆ ಕೂರಿಸಿರುವ ಸೊಲೆನಾಯ್ಡ್, ಅದಕ್ಕೆ ಬರುವ ಸಣ್ಣ ತಂತಿ, ಆಟೊಮ್ಯಾಟಿಕ್ ಗೇರಿನ ಕಾರಾದರೆ ನ್ಯೂಟ್ರಲ್ ಸ್ವಿಚ್. ಗೇರ್ ಲಿವರನ್ನು ಪಾರ್ಕ್‌ನಿಂದ ನ್ಯೂಟ್ರಲ್‌ಗೆ ತಂದು ಮತ್ತೆ ಕೀ ತಿರುಗಿಸಿದಾಗ ಸೆಲ್ಫ್ ಹೊಡೆದರೆ ದೋಷ ಆ ಸ್ವಿಚ್ಚಿನದೇ.

ಮೀಟರ್ ಇದ್ದರೆ ಇನ್ನೂ ಖಚಿತ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮ್ಮನಿದ್ದಾಗ 12.6 ವೋಲ್ಟ್ ತೋರಿಸಬೇಕು. 12.2 ಎಂದರೆ ಅರ್ಧ ಖಾಲಿ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು. ಲಿಸ್ಲ್‌ನ ಚಳಿಗೆ ಈ ಲೆಕ್ಕ ಮುಖ್ಯ. ಷಿಕಾಗೊದಲ್ಲಿ 1985ರ ಜನವರಿ 20ರಂದು ಸೊನ್ನೆಗಿಂತ 33 ಡಿಗ್ರಿ ಸೆಲ್ಸಿಯಸ್ ಕೆಳಗೆ ಇಳಿದಿತ್ತು. ಅಂಥ ಚಳಿಯಲ್ಲೂ ಪೂರ್ತಿ ಚಾರ್ಜ್ ಆದ ಬ್ಯಾಟರಿಯೊಳಗಿನ ಆಸಿಡ್ ಹೆಪ್ಪುಗಟ್ಟುವುದಿಲ್ಲ. ಖಾಲಿಯಾದ ಬ್ಯಾಟರಿಯಲ್ಲಾದರೋ ಹೆಚ್ಚು ಕಡಿಮೆ ನೀರೇ ಉಳಿದಿರುತ್ತದೆ. ಅದು ಮಾಮೂಲಿ ಚಳಿಗೇ ಗಟ್ಟಿಯಾಗಿ, ಡಬ್ಬಿ ಉಬ್ಬಿ ಸೀಳುತ್ತದೆ. ಹೆಪ್ಪುಗಟ್ಟಿದ ಬ್ಯಾಟರಿಗೆ ಚಾರ್ಜರ್ ಹಾಕಬೇಡಿ, ಸಿಡಿಯಬಹುದು.

ಬ್ಯಾಟರಿ ಚೆನ್ನಾಗಿದ್ದೂ ಎಂಜಿನ್ ನರಳಿದರೆ ಅರ್ಥಿಂಗ್ ನೋಡಿ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೂ ಹಿಡಿದು ಸೆಲ್ಫ್ ಹೊಡೆಸಿದರೆ 0.2 ವೋಲ್ಟ್‌ಗಿಂತ ಹೆಚ್ಚು ಬರಬಾರದು. ಹೊಸದಾಗಿ ಪೇಂಟ್ ಮಾಡಿಸಿದ ಕಾರುಗಳಲ್ಲಿ ಈ ತೊಂದರೆ ಜಾಸ್ತಿ. ಬಾಡಿಗೂ ಎಂಜಿನ್ನಿಗೂ ನಡುವಿನ ಅರ್ಥ್ ಪಟ್ಟಿಯನ್ನು ಬಣ್ಣದ ಮೇಲೇ ಬೋಲ್ಟ್ ಮಾಡಿರುತ್ತಾರೆ, ಕೆಲವು ಕಡೆ ಹಾಕಲು ಮರೆತೇ ಇರುತ್ತಾರೆ.

ಸೆಲ್ಫ್ ಚುರುಕಾಗಿ ಹೊಡೆಯುತ್ತಿದ್ದರೂ ಎಂಜಿನ್ ಹತ್ತಿಕೊಳ್ಳದಿದ್ದರೆ ಮುಂದಿನ ಪ್ರಶ್ನೆ ಕಿಡಿಯದು. ಇಲ್ಲಿ ಚಾರ್ಲ್ಸ್ ಕೆಟರಿಂಗ್ ಹೆಸರು ಹೇಳಲೇಬೇಕು. ಒಹಾಯೊದ ಡೇಟನ್‌ನಲ್ಲಿ ಡೆಲ್ಕೊ ಕಂಪನಿ ಕಟ್ಟಿದ ಈ ಎಂಜಿನಿಯರ್ ಡೆಟ್ರಾಯಿಟ್‌ನ ಕ್ಯಾಡಿಲಾಕ್ ಕಾರಿಗೆ ಮೊದಲು ಬ್ಯಾಟರಿ, ಕಾಯಿಲ್, ಪಾಯಿಂಟ್‌ಗಳ ಇಗ್ನಿಷನ್ ಕೊಟ್ಟರು, 1912ರ ಮಾದರಿಗೆ ಎಲೆಕ್ಟ್ರಿಕ್ ಸೆಲ್ಫ್ ಕೊಟ್ಟರು. ಅದಕ್ಕೆ ಮೊದಲು ಮುಂದೆ ನಿಂತು ಹ್ಯಾಂಡಲ್ ತಿರುಗಿಸಬೇಕಿತ್ತು, ಅದು ಹಿಂದಕ್ಕೆ ಒದ್ದು ಕೈ ಮುರಿದವರು ಅನೇಕರು. 1966ರ ಮಸ್ಟಾಂಗ್‌ನಲ್ಲಿರುವುದು, ಪದ್ಮಿನಿಯಲ್ಲಿದ್ದುದು ಮೂಲತಃ ಕೆಟರಿಂಗ್ ವ್ಯವಸ್ಥೆಯೇ. ಡಿಸ್ಟ್ರಿಬ್ಯೂಟರ್ ಒಳಗೆ ಒಂದು ಜೋಡಿ ಪಾಯಿಂಟ್. ಅವು ಕೂಡಿದ್ದಾಗ ಕಾಯಿಲ್‌ನಲ್ಲಿ ಕರೆಂಟ್ ಹರಿಯುತ್ತದೆ. ಬಿಟ್ಟುಕೊಂಡ ಕ್ಷಣ ಕಾಯಿಲ್‌ನೊಳಗಿನ ಅಯಸ್ಕಾಂತ ಶಕ್ತಿ ಕುಸಿದು, ಸಾವಿರಾರು ವೋಲ್ಟ್ ಹುಟ್ಟಿ, ಪ್ಲಗ್ಗಿನ ತುದಿಯಲ್ಲಿ ಕಿಡಿಯಾಗಿ ಹಾರುತ್ತದೆ.

ಕಿಡಿ ನೋಡುವುದು ಸುಲಭ. ಒಂದು ಪ್ಲಗ್ಗಿನ ವೈರ್ ಕಿತ್ತು, ಬೇರೊಂದು ಒಳ್ಳೆಯ ಪ್ಲಗ್ಗಿಗೆ ಸಿಕ್ಕಿಸಿ. ಆ ಪ್ಲಗ್ಗಿನ ಮೈಯನ್ನು ಕ್ಲಿಪ್ ಇರುವ ತಂತಿಯಿಂದ ಎಂಜಿನ್ನಿನ ಲೋಹಕ್ಕೆ ಕಟ್ಟಿ, ಕಾರ್ಬುರೇಟರ್‌ನಿಂದ ದೂರ ಇಡಿ. ಕೈಯಲ್ಲಿ ಹಿಡಿಯಬೇಡಿ. ಇನ್ನೊಬ್ಬರು ಸೆಲ್ಫ್ ಹೊಡೆಯಲಿ. ನೀಲಿ ಕಿಡಿ ಚಟಪಟ ಸದ್ದಿನೊಂದಿಗೆ ಹಾರಿದರೆ ಇಗ್ನಿಷನ್ ಸರಿಯಿದೆ, ಪೆಟ್ರೋಲ್ ಕಡೆ ಹೋಗಿ. ತೆಳ್ಳಗೆ, ಹಳದಿಯಾಗಿ ಕಂಡರೆ ಅಥವಾ ಏನೂ ಬರದಿದ್ದರೆ ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆಯಿರಿ. ಚಳಿಗಾಲ ಕಳೆದ ಕಾರಿನಲ್ಲಿ ಸಾಮಾನ್ಯವಾಗಿ ಕಾಣುವುದು ಪಾಯಿಂಟ್‌ಗಳ ಮೇಲೆ ಹಿಡಿದ ಬೂದುಬಣ್ಣದ ಪೊರೆ. ಗ್ಯಾರೇಜಿನ ತೇವಕ್ಕೆ ಐದು ತಿಂಗಳಲ್ಲಿ ಅಷ್ಟು ಸಾಕು, ಕರೆಂಟ್ ದಾಟುವುದಿಲ್ಲ. ಕೀ ಆಫ್ ಮಾಡಿ, ಒಂದು ಶುಭ್ರ ವಿಸಿಟಿಂಗ್ ಕಾರ್ಡನ್ನು ಪಾಯಿಂಟ್‌ಗಳ ನಡುವೆ ಎರಡು ಮೂರು ಸಲ ಎಳೆದರೆ ಕಾರ್ಡಿನ ಮೇಲೆ ಕಪ್ಪು ಗೆರೆ ಮೂಡುತ್ತದೆ, ಕಾರೂ ಹತ್ತಿಕೊಳ್ಳುತ್ತದೆ. ಪಾಯಿಂಟ್ ಗ್ಯಾಪ್ ಈ ಎಂಜಿನ್ನಿಗೆ ಸುಮಾರು 0.017 ಇಂಚು, ಅಂದರೆ 0.43 ಮಿಲಿಮೀಟರ್. ಪಾಯಿಂಟ್ ಮತ್ತೆ ಮತ್ತೆ ಸುಟ್ಟು ಗುಳಿ ಬೀಳುತ್ತಿದ್ದರೆ ಕಂಡೆನ್ಸರ್ ಬದಲಿಸಿ. ವೈರುಗಳನ್ನು ಒಟ್ಟಿಗೇ ಕಿತ್ತಿದ್ದರೆ ಮರಳಿ ಹಾಕುವಾಗ ಫೈರಿಂಗ್ ಆರ್ಡರ್ ನೆನಪಿಡಿ: 1-5-4-2-6-3-7-8.

ಈ ಕಾಲದ ಫೋರ್ಡ್‌ಗಳಲ್ಲಿ ಜನರನ್ನು ತುಂಬ ಕಾಡುವ ಒಂದು ದೋಷವಿದೆ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸೆಲ್ಫ್ ಹೊಡೆಯುತ್ತಿರುವಾಗ ಎಂಜಿನ್ ಹತ್ತಿಕೊಳ್ಳುತ್ತದೆ, ಕೀ ಬಿಟ್ಟ ತಕ್ಷಣ ಆಫ್ ಆಗುತ್ತದೆ. ನೋಡಿದವರೆಲ್ಲ ಪೆಟ್ರೋಲ್ ಸಾಲುತ್ತಿಲ್ಲ ಎನ್ನುತ್ತಾರೆ. ನಿಜವಾಗಿ ಆಗುತ್ತಿರುವುದು ಬೇರೆ. ಪಾಯಿಂಟ್ ಸುಡದಿರಲೆಂದು ಕಾಯಿಲ್‌ಗೆ ಓಡುವಾಗ ಪೂರ್ತಿ 12 ವೋಲ್ಟ್ ಕೊಡುವುದಿಲ್ಲ. ಇಗ್ನಿಷನ್ ಸ್ವಿಚ್ಚಿನಿಂದ ಬರುವ ಗುಲಾಬಿ ಬಣ್ಣದ ರೆಸಿಸ್ಟರ್ ತಂತಿ ಅದನ್ನು ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಸುತ್ತದೆ. ಆದರೆ ಸೆಲ್ಫ್ ಹೊಡೆಯುವಾಗ ಬ್ಯಾಟರಿಯೇ ಸೊರಗಿರುವುದರಿಂದ, ಆ ಕೆಲವು ಸೆಕೆಂಡು ಸೊಲೆನಾಯ್ಡ್‌ನ ‘ಐ’ ಎಂಬ ಟರ್ಮಿನಲ್ ಮೂಲಕ ಕಾಯಿಲ್‌ಗೆ ನೇರವಾಗಿ ಬ್ಯಾಟರಿಯ ಕರೆಂಟ್ ಹೋಗುತ್ತದೆ. ಹೀಗೆ ಎರಡು ದಾರಿ. ಗುಲಾಬಿ ತಂತಿ ತುಂಡಾಗಿದ್ದರೆ ಸೆಲ್ಫ್ ಹೊಡೆಯುವಾಗ ಮಾತ್ರ ಕಿಡಿ, ಕೀ ಬಿಟ್ಟರೆ ಇಲ್ಲ. ‘ಐ’ ಟರ್ಮಿನಲ್ಲಿನ ದಾರಿ ಕೆಟ್ಟಿದ್ದರೆ ಇದರ ತಿರುಗಾಮುರುಗಾ, ಎಷ್ಟು ಹೊಡೆದರೂ ಹತ್ತದೆ, ಕೀ ಬಿಡುವ ಆ ಕ್ಷಣದಲ್ಲಿ ಒಮ್ಮೆ ಕೆಮ್ಮುತ್ತದೆ. ಕೀ ಆನ್ ಇಟ್ಟು, ಪಾಯಿಂಟ್ ಕೂಡಿರುವಾಗ ಕಾಯಿಲ್‌ನ ಪಾಸಿಟಿವ್ ತುದಿಯಲ್ಲಿ ಆರೇಳು ವೋಲ್ಟ್ ಬರುತ್ತಿದೆಯೇ ನೋಡಿದರೆ ಮುಗಿಯಿತು. ಈ ಒಂದು ಅಳತೆ ಮಾಡದೆ ಕಾರ್ಬುರೇಟರ್ ಬಿಚ್ಚಿದವರು ಎಷ್ಟೋ ಮಂದಿ.

ಇನ್ನು ಪೆಟ್ರೋಲ್. ಏರ್ ಫಿಲ್ಟರ್ ತೆಗೆದು ಕಾರ್ಬುರೇಟರ್‌ನ ಬಾಯೊಳಗೆ ಟಾರ್ಚ್ ಬಿಡಿ. ಎಂಜಿನ್ ಆಫ್ ಇರಲಿ. ಆಕ್ಸಿಲರೇಟರ್ ಸರಳನ್ನು ಕೈಯಿಂದ ಒಮ್ಮೆ ಪೂರ್ತಿ ಎಳೆಯಿರಿ. ಈ ಮಸ್ಟಾಂಗ್‌ನ ಆಟೊಲೈಟ್ 2100 ಕಾರ್ಬುರೇಟರ್‌ನಲ್ಲಿ ಎರಡು ಸಣ್ಣ ಧಾರೆ ಚಿಮ್ಮಬೇಕು, ಪ್ರತಿ ತೂತಿಗೆ ಒಂದು. ಚಿಮ್ಮಿದರೆ ಕಾರ್ಬುರೇಟರ್‌ನ ಪುಟ್ಟ ತೊಟ್ಟಿಯಾದ ಬೌಲ್‌ನಲ್ಲಿ ಪೆಟ್ರೋಲ್ ಇದೆ. ಚಿಮ್ಮದಿದ್ದರೆ ಬೌಲ್ ಒಣಗಿದೆ, ಅಥವಾ ಆಕ್ಸಿಲರೇಟರ್ ಪಂಪಿನ ಪುಟ್ಟ ಡಯಾಫ್ರಾಮ್ ಗಟ್ಟಿಯಾಗಿದೆ. ಈಗಿನ ಪೆಟ್ರೋಲ್ ಬೇಗ ಆರುತ್ತದೆ. ಎರಡು ಮೂರು ವಾರ ನಿಲ್ಲಿಸಿದ ಕಾರಿನ ಬೌಲ್ ಖಾಲಿಯಾಗಿರುವುದು ರೋಗವಲ್ಲ, ಸ್ವಭಾವ. ಖಾಲಿ ಬೌಲ್ ತುಂಬಲು ಪಂಪಿಗೆ ಎಂಜಿನ್ ಬಹಳ ಹೊತ್ತು ತಿರುಗಬೇಕು, ಅಷ್ಟರಲ್ಲಿ ಬ್ಯಾಟರಿ ಸುಸ್ತು. ಅದರ ಬದಲು ಸಿರಿಂಜಿನಲ್ಲಿ ಮೂವತ್ತು ಮಿಲಿಲೀಟರ್‌ನಷ್ಟು ಪೆಟ್ರೋಲನ್ನು ಬೌಲಿನ ವೆಂಟ್ ಕೊಳವೆಯೊಳಗೆ ಬಿಟ್ಟು, ಸಿರಿಂಜನ್ನೂ ಬಾಟಲಿಯನ್ನೂ ದೂರ ಇಟ್ಟು, ಫಿಲ್ಟರ್ ಮುಚ್ಚಿ, ಆಮೇಲೆ ಸೆಲ್ಫ್ ಹೊಡೆಯಿರಿ. ಸೆಲ್ಫ್ ಹೊಡೆಯುತ್ತಿರುವಾಗ ಇನ್ನೊಬ್ಬರು ಬಾಟಲಿ ಹಿಡಿದು ಕಾರ್ಬುರೇಟರ್‌ಗೆ ಸುರಿಯುವುದನ್ನು ನೋಡಿದ್ದೇನೆ. ಎಂಜಿನ್ ಒಮ್ಮೆ ಬ್ಯಾಕ್‌ಫೈರ್ ಆದರೆ ಜ್ವಾಲೆ ನೇರ ಮೇಲಕ್ಕೆ ಬರುತ್ತದೆ, ಕೈಯಲ್ಲಿ ಬಾಟಲಿ ಇರುತ್ತದೆ. ದಯವಿಟ್ಟು ಇದನ್ನು ಯಾರೂ ಮಾಡಬೇಡಿ, ಮಾಡುವವರನ್ನು ತಡೆಯಿರಿ.

ಧಾರೆ ಚಿಮ್ಮುತ್ತಿದೆ, ಕಿಡಿಯೂ ಇದೆ, ಆದರೂ ಹತ್ತುತ್ತಿಲ್ಲ ಎಂದರೆ ಚೋಕ್ ನೋಡಿ. ಅಂಬಾಸಿಡರ್‌ನಲ್ಲಿ ಚೋಕ್ ಎಳೆಯುವ ಗುಬುಟು ಡ್ಯಾಶ್‌ಬೋರ್ಡಿನಲ್ಲಿತ್ತು, ಮಸ್ಟಾಂಗ್‌ನಲ್ಲಿ ಅದು ತಾನಾಗಿ ಮುಚ್ಚಬೇಕು. ಎರಡು ಲೋಹದ ಸುರುಳಿ ಚಳಿಯಲ್ಲಿ ಬಿಗಿದುಕೊಂಡು ತಟ್ಟೆಯನ್ನು ಮುಚ್ಚುತ್ತದೆ, ಎಕ್ಸಾಸ್ಟ್‌ನ ಬಿಸಿಗಾಳಿ ತಾಗಿದಾಗ ಸಡಿಲಗೊಂಡು ತೆರೆಯುತ್ತದೆ. ಆದರೆ ಆ ಸುರುಳಿಗೆ ಅವಕಾಶ ಕೊಡಬೇಕು: ಸ್ಟಾರ್ಟ್ ಮಾಡುವ ಮೊದಲು ಆಕ್ಸಿಲರೇಟರನ್ನು ಒಮ್ಮೆ ಪೂರ್ತಿ ಒತ್ತಿ ಬಿಡಬೇಕು. ಆಗಲೇ ಚೋಕ್ ಮುಚ್ಚಿಕೊಳ್ಳುವುದು. ಇಂಜೆಕ್ಷನ್ ಕಾರಿನಲ್ಲಿ ಕಲಿತವರು ಪೆಡಲ್ ಮುಟ್ಟದೆ ಕೀ ತಿರುಗಿಸುತ್ತಾರೆ, ಹತ್ತದಿದ್ದಾಗ ಗಾಬರಿಯಿಂದ ಹತ್ತಾರು ಸಲ ಒತ್ತುತ್ತಾರೆ. ಆಗ ಓವರ್‌ಫ್ಲೋ. ಪೆಟ್ರೋಲ್ ವಾಸನೆ ಮೂಗಿಗೆ ಬಡಿಯುತ್ತದೆ, ಪ್ಲಗ್ ಒದ್ದೆಯಾಗುತ್ತದೆ. ಅದಕ್ಕೆ ಪರಿಹಾರ ಪೆಡಲನ್ನು ನೆಲಕ್ಕೆ ಒತ್ತಿ ಹಿಡಿದು, ಮೇಲೆ ಕೆಳಗೆ ಆಡಿಸದೆ, ಸೆಲ್ಫ್ ಹೊಡೆಯುವುದು. ಥ್ರಾಟಲ್ ಪೂರ್ತಿ ತೆರೆದಾಗ ಒಂದು ಸರಳು ಚೋಕ್ ತಟ್ಟೆಯನ್ನೂ ತಳ್ಳಿ ತೆರೆಯುತ್ತದೆ, ಗಾಳಿ ನುಗ್ಗಿ ಒಳಗಿನ ಪೆಟ್ರೋಲ್ ಆರುತ್ತದೆ. ಪದೇ ಪದೇ ಓವರ್‌ಫ್ಲೋ ಆಗುತ್ತಿದ್ದರೆ ಬೌಲಿನೊಳಗಿನ ಹಿತ್ತಾಳೆಯ ಫ್ಲೋಟ್ ತೂತಾಗಿದೆಯೇ ನೋಡಬೇಕು. ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರೆ ಒಳಗೆ ಪೆಟ್ರೋಲ್ ಕುಲುಕುವುದು ಕೇಳಿಸುತ್ತದೆ.

ಬೌಲಿಗೆ ಪೆಟ್ರೋಲ್ ಬರುತ್ತಲೇ ಇಲ್ಲವೆಂದರೆ ಹಿಂದಕ್ಕೆ ಹೋಗಬೇಕು. ಕಾಯಿಲ್‌ನ ವೈರ್ ಕಿತ್ತು, ಕಾರ್ಬುರೇಟರ್‌ಗೆ ಬರುವ ಪೈಪನ್ನು ಬಿಚ್ಚಿ ಬಾಟಲಿಗೆ ಇಳಿಸಿ ಸೆಲ್ಫ್ ಹೊಡೆಸಿದರೆ ಇಪ್ಪತ್ತು ಮೂವತ್ತು ಸೆಕೆಂಡಿನಲ್ಲಿ ಅರ್ಧ ಲೀಟರಿನಷ್ಟು ಬರಬೇಕು. ಪಂಪಿನ ಒತ್ತಡ ನಾಲ್ಕರಿಂದ ಆರು ಪಿಎಸ್‌ಐ. ಈ ಪಂಪ್ ಎಂಜಿನ್ನಿನ ಮೈಗೇ ಅಂಟಿದೆ. ಒಳಗಿನ ಕ್ಯಾಮ್‌ಶಾಫ್ಟ್ ಜೊತೆ ತಿರುಗುವ ಒಂದು ಉಬ್ಬು ಅದರ ತೋಳನ್ನು ಮೇಲೆ ಕೆಳಗೆ ಮಾಡುತ್ತದೆ, ತೋಳು ಡಯಾಫ್ರಾಮನ್ನು ಎಳೆಯುತ್ತದೆ. ಡಯಾಫ್ರಾಮ್ ಹರಿದರೆ ಪೆಟ್ರೋಲ್ ಎಂಜಿನ್ ಆಯಿಲ್ ಒಳಗೆ ಇಳಿಯಬಹುದು. ಆಯಿಲ್ ಕಡ್ಡಿ ಎಳೆದು ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ, ಆಯಿಲ್ ಮಟ್ಟ ತಾನಾಗಿ ಏರಿದ್ದರೆ, ಎಂಜಿನ್ ಸ್ಟಾರ್ಟ್ ಮಾಡದೆ ಪಂಪ್ ಮತ್ತು ಆಯಿಲ್ ಎರಡನ್ನೂ ಬದಲಿಸಬೇಕು.

ಪಂಪಿಗಿಂತ ಹೆಚ್ಚು ಮೋಸ ಮಾಡುವುದು ರಬ್ಬರ್. ಟ್ಯಾಂಕಿನಿಂದ ಮುಂದಿನವರೆಗೆ ಉಕ್ಕಿನ ಪೈಪ್ ಇದೆ, ಅದರ ಎರಡು ತುದಿಗೂ ಗೇಣುದ್ದದ ರಬ್ಬರ್ ಹೋಸ್. ಪಂಪಿನವರೆಗಿನ ಈ ಭಾಗದಲ್ಲಿ ಪೆಟ್ರೋಲನ್ನು ತಳ್ಳುವುದಿಲ್ಲ, ಎಳೆಯುತ್ತದೆ. ಹಾಗಾಗಿ ಹೋಸ್ ಬಿರುಕು ಬಿಟ್ಟರೂ ಕಾರು ಓಡುವಾಗ ಹೊರಗೆ ಒಂದು ಹನಿ ಸೋರದೆ ಇರಬಹುದು, ಬದಲಿಗೆ ಗಾಳಿ ಒಳಗೆ ಹೋಗುತ್ತದೆ. ಪಂಪ್ ಗಾಳಿ ಕುಡಿಯುತ್ತದೆ, ಬೌಲ್ ಅರೆಬರೆ ತುಂಬುತ್ತದೆ, ಕಾರು ಊರೊಳಗೆ ಸರಿಯಾಗಿ ಓಡಿ ಹೈವೇಯಲ್ಲಿ ಮಿಸ್ಸಿಂಗ್ ಹೊಡೆಯುತ್ತದೆ. ಸೋರಿಕೆ ಕಾಣದ್ದರಿಂದ ಯಾರೂ ಅಲ್ಲಿ ನೋಡುವುದಿಲ್ಲ.

ಲಿಸ್ಲ್‌ನಲ್ಲೇ ಇರುವ ಪುತ್ತೂರು ಕಡೆಯ ಗೆಳೆಯರ ಮಸ್ಟಾಂಗ್‌ಗೆ ಹೀಗೇ ಇನ್ನೊಂದು ಕಾಣದ ರೋಗ ಅಂಟಿತ್ತು. ಮನೆಯಿಂದ ಹೊರಟರೆ ಕಾಲು ಗಂಟೆ ಚೆನ್ನಾಗಿ ಓಡಿ, ಇಂಟರ್‌ಸ್ಟೇಟ್ 88ರಲ್ಲಿ ಅರೋರಾ ಕಡೆ ಹೋಗುವಾಗ ಶಕ್ತಿ ಕಳೆದುಕೊಂಡು ನಿಲ್ಲುತ್ತಿತ್ತು. ಹತ್ತು ನಿಮಿಷ ಬಿಟ್ಟರೆ ಏನೂ ಆಗದಂತೆ ಸ್ಟಾರ್ಟ್. ಫೋನಿನಲ್ಲಿ ಅವರ ಮಾತು: ‘ಎಂತದು ಮಾರಾಯ್ರೆ, ಪಂಪ್ ಹೊಸತು, ಕಾರ್ಬುರೇಟರ್ ಬಿಚ್ಚಿ ತೊಳೆಸಿ ಆಯ್ತು. ಇನ್ನು ಎಂಜಿನ್ನೇ ಬದಲಿಸುದಾ?’ ಹೈವೇ ಬೇಡ, ಊರೊಳಗಿನ ರೂಟ್ 53ರಲ್ಲಿ ಓಡಿಸಿ, ನಿಂತ ಕೂಡಲೇ ಬಾನೆಟ್ ಎತ್ತದೆ ಹಿಂದೆ ಹೋಗಿ ಟ್ಯಾಂಕಿನ ಮುಚ್ಚಳ ತಿರುಗಿಸಿ, ಕಿವಿಗೊಟ್ಟು ಕೇಳಿ ಎಂದೆ. ಮುಚ್ಚಳ ಸಡಿಲಿಸಿದ್ದೇ ತಡ ಗಾಳಿ ‘ಸುಯ್’ ಎಂದು ಒಳಗೆ ನುಗ್ಗಿತಂತೆ. ಈ ಕಾಲದ ಮುಚ್ಚಳದಲ್ಲಿ ಗಾಳಿ ಹೋಗಲು ಸಣ್ಣ ವೆಂಟ್ ಇರಬೇಕು. ಟ್ಯಾಂಕಿನಿಂದ ಪೆಟ್ರೋಲ್ ಖಾಲಿಯಾದಷ್ಟು ಗಾಳಿ ಒಳಬರಬೇಕಲ್ಲ. ಅವರು ಅಂದಕ್ಕೆಂದು ತರಿಸಿದ್ದ ಹೊಳೆಯುವ ಹೊಸ ಮುಚ್ಚಳದಲ್ಲಿ ವೆಂಟ್ ಇರಲಿಲ್ಲ. ಟ್ಯಾಂಕಿನೊಳಗೆ ನಿರ್ವಾತ ಹೆಚ್ಚಿದಂತೆ ಪಂಪಿಗೆ ಎಳೆಯಲಾಗುತ್ತಿರಲಿಲ್ಲ. ಹಳೆಯ ಮುಚ್ಚಳ ಹಾಕಿದ ಮೇಲೆ ಆ ಕಾರು ದಾರಿಯಲ್ಲಿ ನಿಂತಿಲ್ಲ.

ಇದರಲ್ಲಿ ಹಳೆಯ ಕಾರುಗಳ ಎಲ್ಲ ರೋಗಕ್ಕೂ ಸಲ್ಲುವ ಒಂದು ಕ್ರಮವಿದೆ. ದೋಷ ಇರುವ ಆ ಕೆಲವೇ ನಿಮಿಷಗಳಲ್ಲಿ ಪರೀಕ್ಷೆ ಮಾಡಬೇಕು. ಕಾರು ತಣ್ಣಗಾದ ಮೇಲೆ, ಟೋ ಮಾಡಿ ಗ್ಯಾರೇಜಿಗೆ ಒಯ್ದ ಮೇಲೆ ಅದು ನೆಟ್ಟಗೇ ಇರುತ್ತದೆ, ಮೆಕ್ಯಾನಿಕ್ ಊಹೆ ಮಾಡುತ್ತಾನೆ. ಬಿಸಿಯಾದಾಗ ನಿಲ್ಲುವ ಕಾರಿಗೆ ಇದು ಇನ್ನೂ ನಿಜ, ಏಕೆಂದರೆ ಬಿಸಿಗೆ ಕೆಡುವುದು ಪೆಟ್ರೋಲೂ ಹೌದು, ಕಾಯಿಲೂ ಹೌದು, ಕಂಡೆನ್ಸರೂ ಹೌದು. ಕಾರಿನಲ್ಲಿ ಒಂದು ಟಾರ್ಚ್, ಒಂದು ಹಳೆಯ ಪ್ಲಗ್, ಕ್ಲಿಪ್ ಇರುವ ಒಂದು ತಂತಿ ಇಟ್ಟುಕೊಂಡಿದ್ದರೆ ಸಾಕು. ಕಾರನ್ನು ಸುರಕ್ಷಿತ ಜಾಗಕ್ಕೆ ತಂದು ಧಾರೆ ಚಿಮ್ಮುತ್ತದೆಯೇ, ಕಿಡಿ ಬರುತ್ತದೆಯೇ ನೋಡಿ. ಧಾರೆ ಇದೆ, ಕಿಡಿ ಇಲ್ಲ ಎಂದರೆ ಕಾಯಿಲ್ ಅಥವಾ ಕಂಡೆನ್ಸರ್. ಕಿಡಿ ಇದೆ, ಧಾರೆ ಇಲ್ಲ ಎಂದರೆ ವೇಪರ್ ಲಾಕ್: ಪೈಪಿನಲ್ಲೋ ಪಂಪಿನಲ್ಲೋ ಪೆಟ್ರೋಲ್ ಕುದಿದು ಆವಿಯಾಗಿದೆ, ಪಂಪಿಗೆ ಆವಿಯನ್ನು ತಳ್ಳಲಾಗುವುದಿಲ್ಲ. ಎರಡೂ ಇದ್ದು ಕಾರ್ಬುರೇಟರ್ ಬಾಯಿ ಒದ್ದೆಯಾಗಿದ್ದರೆ ಬೌಲಿನ ಪೆಟ್ರೋಲ್ ಬಿಸಿಗೆ ಉಕ್ಕಿ ಒಳಗೆ ತೊಟ್ಟಿಕ್ಕಿದೆ, ಓವರ್‌ಫ್ಲೋಗೆ ಹೇಳಿದ ಉಪಾಯವನ್ನೇ ಮಾಡಿ.

ವೇಪರ್ ಲಾಕ್ ನೋಡಬೇಕಾದರೆ ಡೆಟ್ರಾಯಿಟ್‌ನ ವುಡ್‌ವರ್ಡ್ ಡ್ರೀಮ್ ಕ್ರೂಸ್‌ಗೆ ಹೋಗಬೇಕು. 1995ರಲ್ಲಿ ಫರ್ನ್‌ಡೇಲ್‌ನಲ್ಲಿ ಸಾಕರ್ ಮೈದಾನಕ್ಕೆ ಹಣ ಕೂಡಿಸಲು ಶುರುವಾದ ಈ ಮೆರವಣಿಗೆ ಆಗಸ್ಟ್‌ನ ಮೂರನೆಯ ಶನಿವಾರ ವುಡ್‌ವರ್ಡ್ ಅವೆನ್ಯೂನಲ್ಲಿ ನಡೆಯುತ್ತದೆ. ಮಿಷಿಗನ್ ರಾಜ್ಯ ‘ಹಿಸ್ಟಾರಿಕ್’ ಪ್ಲೇಟ್ ಇರುವ ಕಾರುಗಳನ್ನು ಆಗಸ್ಟ್ ತಿಂಗಳಿಡೀ ನಿರ್ಬಂಧವಿಲ್ಲದೆ ಓಡಿಸಲು ಬಿಡುತ್ತದೆ. ಬಿಸಿಲು, ಆಮೆಗತಿಯ ಸಾಲು, ಬಾನೆಟ್ ಕೆಳಗೆ ಗಾಳಿಯಾಟವಿಲ್ಲ. ರಸ್ತೆಯ ಅಂಚಿನಲ್ಲಿ ಬಾನೆಟ್ ಎತ್ತಿ ನಿಂತ ಸುಂದರ ಕಾರುಗಳು ಒಂದೆರಡಲ್ಲ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯುವುದು ಹಳೆಯ ಉಪಾಯ, ಆ ಹೊತ್ತಿಗೆ ಕೆಲಸ ಮಾಡುತ್ತದೆ. ಶಾಶ್ವತ ಪರಿಹಾರ ಬೇಕಾದರೆ ಪೈಪನ್ನು ಎಕ್ಸಾಸ್ಟ್‌ನಿಂದ ದೂರ ಹಾಯಿಸಿ, ಕಾರ್ಬುರೇಟರ್ ಅಡಿಗೆ ಶಾಖ ತಡೆಯುವ ದಪ್ಪ ಸ್ಪೇಸರ್ ಹಾಕಿ.

ಪೆಟ್ರೋಲೂ ಬದಲಾಗಿದೆ. 1966ರ ಕಾರನ್ನು ರೂಪಿಸಿದವರ ಮನಸ್ಸಿನಲ್ಲಿ ಇದ್ದ ಇಂಧನ ಇವತ್ತು ಬಂಕಿನಲ್ಲಿಲ್ಲ. ಸೀಸ ಹೋಯಿತು, ರಸ್ತೆ ವಾಹನಗಳಿಗೆ ಅಮೆರಿಕ 1996ರಲ್ಲಿ, ಭಾರತ 2000ದಲ್ಲಿ ಅದನ್ನು ಪೂರ್ತಿ ನಿಲ್ಲಿಸಿದವು. ಒಳ್ಳೆಯದೇ ಆಯಿತು, ಸ್ಟಾರ್ಟಿಂಗ್ ತೊಂದರೆಗೂ ಅದಕ್ಕೂ ಸಂಬಂಧವಿಲ್ಲ. ಸಂಬಂಧವಿರುವುದು ಎಥನಾಲ್‌ಗೆ. ಲಿಸ್ಲ್ ಇರುವ ಡುಪೇಜ್ ಕೌಂಟಿ ಸೇರಿದ ಷಿಕಾಗೊ ಪ್ರದೇಶದಲ್ಲಿ 1995ರಿಂದ ಹೊಗೆ ತಗ್ಗಿಸಲು ರೂಪಿಸಿದ ಪೆಟ್ರೋಲನ್ನೇ ಮಾರಬೇಕು, ಅದರಲ್ಲಿ ಮಾಮೂಲಿಯಾಗಿ ಶೇಕಡಾ 10 ಎಥನಾಲ್ ಇರುತ್ತದೆ. ಸುತ್ತ ಮೆಕ್ಕೆಜೋಳದ ಹೊಲಗಳಿರುವ ರಾಜ್ಯದಲ್ಲಿ ಇದು ಸಹಜ.

ಎಥನಾಲ್‌ನಿಂದ ಆಗುವ ತೊಂದರೆಗಳನ್ನು ಅಳತೆ ಮೀರಿ ಹೇಳುವವರೂ ಇದ್ದಾರೆ, ಅಲ್ಲಗಳೆಯುವವರೂ ಇದ್ದಾರೆ. ನಿಜವಾಗಿ ಆಗುವುದು ಇಷ್ಟು. ಎಥನಾಲ್‌ನಲ್ಲೇ ಆಮ್ಲಜನಕ ಇರುವುದರಿಂದ ಮಿಶ್ರಣ ಶೇಕಡಾ ಮೂರು ನಾಲ್ಕರಷ್ಟು ತೆಳುವಾಗುತ್ತದೆ. ಕಂಪ್ಯೂಟರ್ ಇದ್ದರೆ ಸರಿಮಾಡಿಕೊಳ್ಳುತ್ತದೆ, ಕಾರ್ಬುರೇಟರ್ ಮಾಡಿಕೊಳ್ಳುವುದಿಲ್ಲ. ಚಳಿಯಲ್ಲಿ ಕೆಮ್ಮುವ ಕಾರು ಇನ್ನಷ್ಟು ಕೆಮ್ಮುತ್ತದೆ. ಆ ಕಾಲದ ರಬ್ಬರ್ ಎಥನಾಲ್‌ಗೆ ಮೆತ್ತಗಾಗಿ ಉಬ್ಬುತ್ತದೆ, ಒಳಗಿನಿಂದ ಕರಿ ಚೂರುಗಳು ಕಳಚಿ ಕಾರ್ಬುರೇಟರ್‌ನ ಜೆಟ್ ಬ್ಲಾಕ್ ಮಾಡುತ್ತವೆ. ಎಲ್ಲಕ್ಕಿಂತ ಕೆಟ್ಟದ್ದು ನೀರು. ಎಥನಾಲ್ ನೀರನ್ನು ಕುಡಿದುಕೊಂಡು ಪೆಟ್ರೋಲಿನಲ್ಲಿ ಬೆರೆಸಿಟ್ಟಿರುತ್ತದೆ, ಆದರೆ ಅದಕ್ಕೊಂದು ಮಿತಿ ಇದೆ. 15 ಡಿಗ್ರಿಯಲ್ಲಿ ಆ ಮಿತಿ ಅರ್ಧ ಶೇಕಡಾ, ಮಸ್ಟಾಂಗ್‌ನ 60 ಲೀಟರ್ ಟ್ಯಾಂಕಿಗೆ ಸುಮಾರು 300 ಮಿಲಿಲೀಟರ್. ಚಳಿ ಹೆಚ್ಚಿದಷ್ಟೂ ಮಿತಿ ಇಳಿಯುತ್ತದೆ. ಮಿತಿ ದಾಟಿದ ದಿನ ನೀರೂ ಎಥನಾಲೂ ಒಟ್ಟಿಗೆ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಪಂಪಿಗೆ ಹೋಗುವ ಪೈಪಿನ ಬಾಯಿ ಇರುವುದು ಅಲ್ಲೇ. ಹೀಗಾದ ಟ್ಯಾಂಕಿನಿಂದ ಸ್ವಲ್ಪ ತೆಗೆದು ಗಾಜಿನ ಬಾಟಲಿಯಲ್ಲಿ ಒಂದು ಗಂಟೆ ಇಟ್ಟರೆ ಎರಡು ಪದರ ಬೇರೆಯಾಗಿ, ನಡುವೆ ಗೆರೆ ಕಾಣುತ್ತದೆ. ಆ ಗೆರೆ ಕಂಡ ಮೇಲೆ ಯಾವ ಔಷಧಿ ಸುರಿದರೂ ಪ್ರಯೋಜನವಿಲ್ಲ, ಟ್ಯಾಂಕ್ ಖಾಲಿ ಮಾಡಿಸಬೇಕು.

ಆದ್ದರಿಂದ ಏಪ್ರಿಲ್‌ನ ಸ್ಟಾರ್ಟಿಂಗ್ ತೊಂದರೆಗೆ ಮದ್ದು ಅಕ್ಟೋಬರ್‌ನಲ್ಲಿದೆ. ಕಾರು ನಿಲ್ಲಿಸುವ ಮೊದಲು ಹೊಸ ಪೆಟ್ರೋಲ್‌ನಿಂದ ಟ್ಯಾಂಕ್ ಹೆಚ್ಚು ಕಡಿಮೆ ತುಂಬಿಸಿ, ಒಳಗೆ ಗಾಳಿಗೆ ಜಾಗ ಕಡಿಮೆಯಾದಷ್ಟು ತೇವವೂ ಕಡಿಮೆ. ಸ್ಟೆಬಿಲೈಸರ್ ಹಾಕಿ, ಅದು ಕಾರ್ಬುರೇಟರ್ ತಲುಪುವಂತೆ ಹತ್ತು ನಿಮಿಷ ಓಡಿಸಿ. ಬ್ಯಾಟರಿಗೆ ಮೆಯಿಂಟೇನರ್ ಸಿಕ್ಕಿಸಿ. ಚಳಿಗಾಲದ ನಡುವೆ ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸುವುದು ಒಳ್ಳೆಯದಲ್ಲ. ಎಂಜಿನ್ ಪೂರ್ತಿ ಬಿಸಿಯಾಗದೆ ಆಯಿಲ್‌ನಲ್ಲಿ ನೀರು ಸೇರುತ್ತದೆ, ಪ್ಲಗ್ ಮಸಿ ಹಿಡಿಯುತ್ತದೆ. ಚಳಿಯೆಂದು ಬಾಗಿಲು ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಓಡಿಸುವುದಂತೂ ಪ್ರಾಣಕ್ಕೇ ಅಪಾಯ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಗ್ಯಾರೇಜಿಗೆ ಅಂಟಿಕೊಂಡ ಮನೆಯೊಳಗೂ ಅದು ಹೋಗುತ್ತದೆ. ಪೆಟ್ರೋಲ್ ಪೈಪ್ ಬಿಚ್ಚುವ ಕೆಲಸವನ್ನು ಹೊರಗೆ, ಡ್ರೈವ್‌ವೇಯಲ್ಲಿ ಮಾಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ಮೂಲೆಯ ಗ್ಯಾಸ್ ಹೀಟರಿನ ಜ್ವಾಲೆಯನ್ನು ಹುಡುಕಿಕೊಂಡು ಹೋಗುತ್ತದೆ. ಪೆಟ್ರೋಲ್ ಬೆಂಕಿಗೆ ಆಗುವ ‘ಬಿ’ ಗುರುತಿನ ಎಕ್ಸ್‌ಟಿಂಗ್ವಿಷರ್ ಕೈಗೆಟುಕುವಂತಿರಲಿ, ಡಿಕ್ಕಿಯ ತಳದಲ್ಲಿ ಬೇಡ.

ಕರ್ನಾಟಕದಲ್ಲಿ ಅಂಬಾಸಿಡರ್, ಪದ್ಮಿನಿ, ಮೈಸೂರಿನ ಜಾವಾ ಉಳಿಸಿಕೊಂಡವರಿಗೂ ಒಂದು ಮಾತು. ಭಾರತದಲ್ಲಿ ಈಗ ಬಂಕಿನ ಪೆಟ್ರೋಲ್‌ನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇದೆ, ಲಿಸ್ಲ್‌ನದಕ್ಕಿಂತ ಎರಡು ಪಟ್ಟು. ಜೊತೆಗೆ ಮಳೆಗಾಲದ ತೇವ. ಮೇಲೆ ಹೇಳಿದ ರಬ್ಬರ್, ನೀರು, ತೆಳು ಮಿಶ್ರಣದ ತೊಂದರೆಗಳು ನಿಮಗೆ ಇನ್ನೂ ಬೇಗ ಬರುತ್ತವೆ. ಎಥನಾಲ್ ತಡೆಯುವ ಹೋಸ್ ಕೇಳಿ ತೆಗೆದುಕೊಳ್ಳಿ. ಎಸ್‌ಎಇ ಗುರುತಿನಲ್ಲಿ 30ಆರ್9 ಎಂದು ಹೋಸಿನ ಮೈಮೇಲೇ ಅಚ್ಚಾಗಿರುತ್ತದೆ. ಕಾರು ಇಡೀ ಹುಡುಕಿದರೂ ಬೇಕಾಗುವುದು ಒಂದು ಮಾರಿನಷ್ಟು ಹೋಸ್, ನಾಲ್ಕಾರು ಕ್ಲಿಪ್.

ಈ ವಾರಾಂತ್ಯ ಕಾರಿನ ಕೆಳಗೆ ಟಾರ್ಚ್ ಬಿಟ್ಟು ಟ್ಯಾಂಕಿನ ಬಳಿಯ ಆ ರಬ್ಬರ್ ತುಂಡನ್ನು ಬೆರಳಿನಿಂದ ಬಗ್ಗಿಸಿ ನೋಡಿ. ಬಿರುಕು ಕಂಡರೆ, ಅಥವಾ ಹೋಸ್ ಯಾವ ವರ್ಷದ್ದೆಂದು ನಿಮಗೆ ಗೊತ್ತಿಲ್ಲದಿದ್ದರೆ, ಅದನ್ನು ಬದಲಿಸುವವರೆಗೆ ಕಾರನ್ನು ರಸ್ತೆಗೆ ಇಳಿಸಬೇಡಿ.